ಬೋರ್ಡ್ಸ್ ಆಫ್ ಕೆನಡ: ಕಾಲದ ಕೃತಕ ಸವೆತ

ಸವೆದ ಶಾಸನವನ್ನು ಓದುವವನಿಗೆ ಸವೆತವೂ ಒಂದು ಸಾಕ್ಷ್ಯವೇ. ಆದರೆ ಹೊಸ ತಾಮ್ರಪಟಕ್ಕೆ ಹಳಮೆಯ ಬಣ್ಣ ಕೊಟ್ಟವನನ್ನು ನಾವು ಕೂಟಶಾಸನಕಾರನೆನ್ನುತ್ತೇವೆ. ಸ್ಕಾಟ್ಲೆಂಡಿನ ಮೈಕೇಲ್ ಸ್ಯಾಂಡಿಸನ್ ಮತ್ತು ಮಾರ್ಕಸ್ ಇಯೋಯಿನ್ ಎಂಬ ಸಹೋದರರು ‘ಬೋರ್ಡ್ಸ್ ಆಫ್ ಕೆನಡ’ ಎಂಬ ಹೆಸರಿನಲ್ಲಿ ರಚಿಸಿರುವ ಮಂದಗತಿಯ ಎಲೆಕ್ಟ್ರಾನಿಕ್ ಸಂಗೀತವನ್ನು ಕೇಳುವಾಗ ಈ ಭೇದವು ಪದೇ ಪದೇ ಮನಸ್ಸಿಗೆ ಬರುತ್ತದೆ.

ಹೆಸರಿಗೆ ಮೂಲವಾದದ್ದು 1939ರಲ್ಲಿ ಸ್ಥಾಪಿತವಾದ ಕೆನಡದ ರಾಷ್ಟ್ರೀಯ ಚಲನಚಿತ್ರ ಮಂಡಲಿ. ಅದರ ಪ್ರಥಮ ಮುಖ್ಯಸ್ಥನಾದ ಜಾನ್ ಗ್ರಿಯರ್‌ಸನ್ ಸಹ ಸ್ಕಾಟ್ಲೆಂಡಿನವನೇ ಎಂಬುದು ಸ್ವಾರಸ್ಯದ ಸಂಗತಿ. ಬಾಲ್ಯದ ಕೆಲಕಾಲವನ್ನು ಕೆನಡದಲ್ಲಿ ಕಳೆದ ಈ ಸಹೋದರರಿಗೆ ಆ ಮಂಡಲಿಯ ಚಿತ್ರಗಳ ಹಿನ್ನೆಲೆಸಂಗೀತವೇ ಮೊದಲ ಪಾಠವಾಯಿತೆನ್ನಬಹುದು.

1998ರಲ್ಲಿ ಹೊರಬಂದ ‘ಮ್ಯೂಸಿಕ್ ಹ್ಯಾಸ್ ದ ರೈಟ್ ಟು ಚಿಲ್ಡ್ರನ್’ ಇವರ ಕೀರ್ತಿಗೆ ಆಧಾರ. ಅದರಲ್ಲಿ ಸ್ವರಗಳು ಸವೆದ ಟೇಪಿನಿಂದ ಬಂದಂತೆ ತುಸು ಹೊಯ್ದಾಡುತ್ತವೆ. ನಡುನಡುವೆ ಮಕ್ಕಳ ಮಾತು, ನಗೆ ಕೇಳಿಸುತ್ತವೆ. ಹೊದಿಕೆಯ ಮೇಲೊಂದು ಕುಟುಂಬದ ಭಾವಚಿತ್ರ. ಅದರಲ್ಲಿ ಯಾರಿಗೂ ಮುಖವಿಲ್ಲ. ಇದು ಕೂಟಶಾಸನವೆ? ಅಲ್ಲವೆಂದೇ ನನ್ನ ಅಭಿಪ್ರಾಯ. ಕೂಟಶಾಸನವು ತನ್ನನ್ನು ಪ್ರಮಾಣವೆಂದು ಸಾರಿಕೊಳ್ಳುತ್ತದೆ. ಈ ಕೃತಿಯಾದರೋ ಪ್ರಮಾಣವು ಅಳಿದುಹೋದ ಬಗೆಯನ್ನೇ ಕೇಳಿಸುತ್ತದೆ. ಆ ಮುಖಗಳನ್ನು ಒರಸಿದವರು ಒರಸಿದ್ದನ್ನು ಮುಚ್ಚಿಟ್ಟಿಲ್ಲ.

ತೊಡಕು ಆರಂಭವಾಗುವುದು 2000ದಲ್ಲಿ. ಆ ವರ್ಷದ ಕಿರುಮುದ್ರಿಕೆಯ ಶೀರ್ಷಿಕೆಗೀತದಲ್ಲಿ ಯಂತ್ರದಿಂದ ಮಾರ್ಪಟ್ಟ ಒಂದು ಧ್ವನಿಯು, ಹಳ್ಳಿಗಾಡಿನ ಸುಂದರ ನೆಲೆಯಲ್ಲಿರುವ ಧಾರ್ಮಿಕ ಸಮುದಾಯವೊಂದಕ್ಕೆ ಕೇಳುಗನನ್ನು ಆಹ್ವಾನಿಸುತ್ತದೆ. ಅದರ ಹಿಂದಿರುವುದು ಟೆಕ್ಸಸ್ಸಿನ ವೇಕೊ ದುರಂತ. 1993ರಲ್ಲಿ ಅಲ್ಲಿನ ‘ಬ್ರಾಂಚ್ ಡೇವಿಡಿಯನ್’ ಪಂಗಡದವರ ನೆಲೆಯನ್ನು ಸರಕಾರದ ಪಡೆಗಳು 51 ದಿನ ಮುತ್ತಿದ್ದವು. ಏಪ್ರಿಲ್ 19ರ ಬೆಂಕಿಯ ದಿನ ಮಕ್ಕಳೂ ಸೇರಿ 70ಕ್ಕೂ ಹೆಚ್ಚು ಜನರು ಮಡಿದರು. ಆ ಜನರನ್ನು ಸೆಳೆದದ್ದು ಇಂಥದೇ ಮಾಧುರ್ಯ, ಅದನ್ನು ಮರೆಮಾಚದೆ ಕೇಳಿಸುವುದೂ ಚರಿತ್ರೆಯೇ ಎಂದು ಸಮರ್ಥಕರು ವಾದಿಸಬಹುದು. ಆ ಗೀತದ ಮಟ್ಟಿಗೆ ಈ ವಾದವನ್ನು ನಾನು ಒಪ್ಪುತ್ತೇನೆ. ಆದರೆ 2002ರ ‘ಜಿಯೊಗಾಡಿ’ಯಲ್ಲಿ ಅದೇ ಪಂಗಡದ ಪ್ರಸ್ತಾಪವು ತಿರುಗುಮುರುಗಾದ ಧ್ವನಿಗಳ ನಡುವೆ ಹುದುಗಿದ ಒಗಟಾಗುತ್ತದೆ. ಕೃತಿಯ ಒಟ್ಟು ಅವಧಿಯನ್ನು 66 ನಿಮಿಷ 6 ಸೆಕೆಂಡುಗಳಿಗೆ ಹೊಂದಿಸಿರುವುದೂ ಇದೇ ಚಟ. ಸಂಗೀತವು ಮೊದಲಿಗಿಂತ ಗಾಢವಾಗಿದೆ, ನಿಜ. ಆದರೆ ಸುಟ್ಟು ಸತ್ತವರನ್ನು ಒಗಟಿನ ಸಾಮಗ್ರಿಯಾಗಿಸಿದರೆ ಅವರ ಮುಖವನ್ನು ಎರಡನೆಯ ಬಾರಿ ಒರಸಿದಂತಾಗುತ್ತದೆ. ಇಲ್ಲಿ ಆ ಒರಸುವಿಕೆ ಕಾಣಿಸುವುದೂ ಇಲ್ಲ.

2005ರ ‘ದ ಕ್ಯಾಂಪ್‌ಫೈರ್ ಹೆಡ್‌ಫೇಸ್’ನಲ್ಲಿ ಗಿಟಾರು ಪ್ರವೇಶಿಸಿತು, ಕೇಳಲು ಹಿತ, ಹೆಚ್ಚು ಹೇಳಬೇಕಾದ್ದಿಲ್ಲ. ತಾವು ಒಡಹುಟ್ಟಿದವರೆಂದು ಇವರು ಬಹಿರಂಗಪಡಿಸಿದ್ದು ಆ ವರ್ಷವೇ.

ದೀರ್ಘ ಮೌನದ ಬಳಿಕ, 2013ರಲ್ಲಿ ‘ಟುಮಾರೋಸ್ ಹಾರ್ವೆಸ್ಟ್’ ಬಂದಿತು. ಹಳೆಯ ದೂರದರ್ಶನ ಕಾರ್ಯಕ್ರಮದ ಮುನ್ಸೂಚನೆಯಂಥ ಪುಟ್ಟ ತುತ್ತೂರಿಯೊಡನೆ ಅದು ತೆರೆದುಕೊಳ್ಳುತ್ತದೆ. ಸವೆದ ಸ್ವರಗಳು ಅವೇ. ಬಾಲ್ಯದ ಹಿತ ಮಾತ್ರ ಇಂಗಿಹೋಗಿದೆ. ಇಲ್ಲಿ ಸವೆಯುತ್ತಿರುವುದು ಇನ್ನೂ ಬಾರದ ಕಾಲ. ಒಗಟುಗಳು ಇಲ್ಲವೆಂದಲ್ಲ, ಆದರೆ ಭಯಕ್ಕೆ ಅವು ತೆರೆಯಾಗಿಲ್ಲ. ಕೊನೆಯ ರಚನೆಗೆ ಇಟ್ಟಿರುವುದು ರಷ್ಯನ್ ಭಾಷೆಯ ಹೆಸರು. ಅದರ ಅರ್ಥ ‘ಸತ್ತವರ ಬೀಜಗಳು’.