ನವೆಂಬರಿನ ಬಿಸಿಲು

ಕಳೆದ ಭಾನುವಾರ ದುಡ್ಡು ಕೊಟ್ಟು ಬಸವನಗುಡಿಯ ಪಾರಂಪರಿಕ ನಡಿಗೆಗೆ ಹೋಗಿದ್ದೆ. ದೊಡ್ಡ ಬಸವಣ್ಣನಿಂದ ಹೊರಟು ಗವಿಪುರದ ಗಂಗಾಧರೇಶ್ವರನ ಹತ್ತಿರ ಮುಗಿಯಿತು. ಗೈಡ್ ಹುಡುಗನ ಕನ್ನಡ ಚೆನ್ನಾಗಿತ್ತು, ವೇಗ ಹದವಾಗಿತ್ತು. ನನ್ನ ತಕರಾರು ಒಂದೇ. ಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಬಿಸಿಲು ಬಂದು ಲಿಂಗ ಮುಟ್ಟುವುದನ್ನು ಹೇಳಿ, 'ವರ್ಷಕ್ಕೊಮ್ಮೆ ನಡೆಯೋ ಪವಾಡ ಸಾರ್' ಅಂತ ಮುಗಿಸಿಬಿಟ್ಟ.

ವರ್ಷಕ್ಕೊಮ್ಮೆ ಅಲ್ಲ. ದಕ್ಷಿಣಕ್ಕೆ ಸರಿಯುವ ಸೂರ್ಯ ಡಿಸೆಂಬರ್ 21ರ ಸುಮಾರಿಗೆ ಹಿಂತಿರುಗುತ್ತಾನೆ. ಜನವರಿ 14ರಂದು ಮುಳುಗುವ ಜಾಗದಲ್ಲೇ ನವೆಂಬರ್ ಕೊನೆಯಲ್ಲೂ ಮುಳುಗಿರುತ್ತಾನೆ. ಆಗಲೂ ಬಿಸಿಲಿಗೆ ಅದೇ ದಾರಿ. ನೋಡೋಕೆ ಕ್ಯೂ ಇರಲ್ಲ, ಅಷ್ಟೆ. ಈಜಿಪ್ಟಿನ ಅಬು ಸಿಂಬೆಲ್‌ನಲ್ಲಿ ಎರಡನೇ ರಾಮ್ಸೆಸ್ ಕೊರೆಸಿದ ಗುಡಿಯ ಗರ್ಭಕ್ಕೂ ಬಿಸಿಲು ಹೀಗೇ ಎರಡು ಸಲ ಹೋಗುತ್ತೆ: ಫೆಬ್ರವರಿ 22, ಅಕ್ಟೋಬರ್ 22. ಅಲ್ಲಿ ಎರಡೂ ದಿನ ಪ್ರವಾಸಿಗರು ನೆರೆಯುತ್ತಾರೆ.

ಪವಾಡ ಅಂದಕೂಡಲೇ ನಮ್ಮ ಗುಂಪು ಕೈಮುಗಿಯಿತು, ಯಾರೂ ಪ್ರಶ್ನೆ ಕೇಳಲಿಲ್ಲ. ಬಿಸಿಲು ಬರುವ ಕಿಂಡಿಯನ್ನು ಅಲ್ಲೇ ಬಿಟ್ಟ ಕೆಲಸಗಾರನ ಹೆಸರು ಹೇಗೂ ಉಳಿದಿಲ್ಲ. ಅವನ ಲೆಕ್ಕವನ್ನಾದರೂ ಅವನಿಗೇ ಬಿಡಬಹುದಿತ್ತು.

ನವೆಂಬರಿನಲ್ಲೊಂದು ಸಂಜೆ ನಡಿಗೆ ಇಡಲಿ. ಮತ್ತೆ ದುಡ್ಡು ಕೊಟ್ಟು ಬರ್ತೀನಿ.