ಅಗ್ಗದ ಬಣ್ಣ, ದುಬಾರಿ ಚರ್ಮ

ಕರಾವಳಿಯ ಹುಲಿವೇಷದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತಾಸೆ ವಾದ್ಯದ ಪೆಟ್ಟನ್ನು ಹೊಗಳುತ್ತಾರೆ, ಅಕ್ಕಿಮುಡಿಯನ್ನು ಹಲ್ಲಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವ ಕಸರತ್ತನ್ನು ಹೊಗಳುತ್ತಾರೆ. ಆ ಹುಲಿಯನ್ನು ಯಾವುದರಿಂದ ಮಾಡಿದ್ದಾರೆ ಎಂದು ಕೇಳುವವರು ಕಡಿಮೆ. ಬಹುಕಾಲದಿಂದ ಅದರ ಸಾಮಾನು ಹೆಚ್ಚುಕಮ್ಮಿ ಇಷ್ಟೇ: ಕಿಟಕಿಯ ಸರಳಿಗೆ ಬಳಿಯುವ ಎನಾಮಲ್ ಪೈಂಟು, ಅದನ್ನು ತೆಳ್ಳಗಾಗಿಸಲು ಥಿನ್ನರ್, ಸೊಂಟಕ್ಕೊಂದು ಹುಲಿಪಟ್ಟೆಯ ಚಡ್ಡಿ, ತಲೆಗೆ ಹುಲಿಯ ಮಂಡೆ. ಈ ಸಾಮಾನಿನ ಆಯ್ಕೆಯಲ್ಲಿ ಜಾಣತನವಿದೆ. ಆದರೆ ಬಾಳಿಕೆಯನ್ನು ಹುಡುಕಬಾರದ ಕಡೆ ಹುಡುಕಿ, ಹುಡುಕಬೇಕಾದ ಕಡೆ ಬಿಟ್ಟಿದ್ದೇವೆ ಎಂಬುದು ನನ್ನ ತಕರಾರು.

ಎನಾಮಲ್ ಏಕೆ ಬಂತು ಎಂಬುದು ಅರ್ಥವಾಗದ ಸಂಗತಿಯೇನಲ್ಲ. ಉಡುಪಿಯ ಕೃಷ್ಣಾಷ್ಟಮಿಯ ವಿಟ್ಲಪಿಂಡಿಗೆ ಮಳೆ ಇನ್ನೂ ಹೋಗಿರುವುದಿಲ್ಲ, ಮಂಗಳೂರಿನ ಮಾರ್ನೆಮಿಗೂ (ನವರಾತ್ರಿಗೂ) ಒಮ್ಮೊಮ್ಮೆ ಸುರಿಯುತ್ತದೆ. ಮಳೆ ಬರದಿದ್ದರೆ ಸೆಕೆ. ಬೆಳಗ್ಗಿನಿಂದ ಕುಣಿಯುವ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತದೆ. ಒಮ್ಮೆ ಬಳಿದ ಬಣ್ಣ ಎರಡು ಮೂರು ದಿನ ನಿಲ್ಲಬೇಕು, ಮನೆಯಂಗಳದಲ್ಲಿ ಯಾರ ಬಿಳಿ ಪಂಚೆಗೂ ಮೆತ್ತಬಾರದು. ಕೈಗೆಟಕುವ ಬೆಲೆಯಲ್ಲಿ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಬಣ್ಣಗಳಲ್ಲಿ ಈ ಪರೀಕ್ಷೆ ಪಾಸಾಗುವುದು ಎಣ್ಣೆಬಣ್ಣ ಮಾತ್ರ. ಮೈಯ ರೋಮ ಬೋಳಿಸಿ, ಮೊದಲ ಕೋಟು ಹೊಡೆದು, ಅದು ಒಣಗುವ ತನಕ ಕೈ ಮೈಗೆ ತಾಗದಂತೆ ಕೋಲಿಗೆ ಆತುಕೊಂಡು ನಿಂತ ಹುಡುಗರನ್ನು ನೋಡಿದವರಿಗೆ ಈ ಬಣ್ಣದ ಬೆಲೆ ಡಬ್ಬಿಯ ಮೇಲೆ ಪೂರ್ತಿ ಅಚ್ಚಾಗಿಲ್ಲ ಎಂದು ಗೊತ್ತಾಗುತ್ತದೆ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಬದಿಗಿಡಬೇಕು. ಮೈತುಂಬ ಬಣ್ಣ ಬಳಿದರೆ ಚರ್ಮಕ್ಕೆ ಉಸಿರು ಕಟ್ಟಿ ಮನುಷ್ಯ ಸಾಯುತ್ತಾನೆ ಎಂಬ ಮಾತನ್ನು 1964ರ ‘ಗೋಲ್ಡ್‌ಫಿಂಗರ್’ ಸಿನಿಮಾ ಲೋಕಕ್ಕೆಲ್ಲ ಹಂಚಿತು. ಉಸಿರಾಡುವುದು ಶ್ವಾಸಕೋಶ, ಚರ್ಮವಲ್ಲ. ನಿಜವಾದ ತೊಂದರೆ ಬೇರೆ. ಬೆವರು ಆರಿದರೆ ಮೈ ತಣ್ಣಗಾಗುತ್ತದೆ. ಗಟ್ಟಿ ಪದರದ ಅಡಿಯಲ್ಲಿ ಅದು ಸರಿಯಾಗಿ ಆರುವುದಿಲ್ಲ. ಥಿನ್ನರ್ ಚರ್ಮದ ಜಿಡ್ಡನ್ನು ತೆಗೆದು ಉರಿ ಎಬ್ಬಿಸುತ್ತದೆ, ಅದರ ಆವಿ ಮೂಗಿಗೂ ಹೋಗುತ್ತದೆ. ಹುಲಿಗೆ ಬೇಕಾದ ಹಳದಿ, ಕಿತ್ತಳೆ ಬಣ್ಣಗಳ ಹೊಳಪಿಗೆ ಪೈಂಟು ತಯಾರಕರು ಹಿಂದಿನಿಂದ ನೆಚ್ಚಿಕೊಂಡದ್ದು ಸೀಸದ ಕ್ರೋಮೇಟನ್ನು. ಪೈಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರ ಸರ್ಕಾರದ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ, ನಿಜ. ಆದರೆ ಆ ಮಿತಿ ಗೋಡೆ, ಬಾಗಿಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ್ದು. ಅದನ್ನು ಬರೆದವರ ಕಣ್ಣ ಮುಂದೆ ಹುಲಿಯ ಹೊಟ್ಟೆ ಇರಲಿಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಬಣ್ಣ ತೆಗೆಯುವ ಕೆಲಸ. ಸೀಮೆಎಣ್ಣೆ ಹಾಕಿ ತಿಕ್ಕಿ, ಮೇಲೆ ತೆಂಗಿನೆಣ್ಣೆ ಸವರಿ, ಸೋಪಿನಲ್ಲಿ ಮತ್ತೆ ಮತ್ತೆ ತೊಳೆದರೂ ಕಿವಿಯ ಹಿಂದೆ, ಉಗುರಿನ ಸಂದಿಯಲ್ಲಿ ಹುಲಿ ಉಳಿದೇ ಇರುತ್ತದೆ.

ಹಾಗೆಂದು ‘ಹಿಂದೆಲ್ಲ ನೈಸರ್ಗಿಕ ಬಣ್ಣ, ಅಪಾಯವೇ ಇರಲಿಲ್ಲ’ ಎಂಬ ಭಾಷಣಕ್ಕೆ ನಾನು ತಲೆದೂಗಲಾರೆ. ಯಕ್ಷಗಾನದ ಬಣ್ಣದ ಮನೆಯಾದ ಚೌಕಿಯಲ್ಲಿ ಹಿಂದೆ ಬಳಸುತ್ತಿದ್ದ ಅರದಾಳದಲ್ಲಿ ಆರ್ಸೆನಿಕ್ ಇದೆ, ಇಂಗಳೀಕದಲ್ಲಿ ಪಾದರಸ. ನೆಲದಿಂದ ಬಂದದ್ದೆಲ್ಲ ಸಾಧುವಲ್ಲ. ಚೌಕಿಯಿಂದ ಕಲಿಯಬೇಕಾದ್ದು ಇನ್ನೊಂದಿದೆ: ಅಲ್ಲಿ ಮೊದಲು ಮುಖಕ್ಕೆ ಎಣ್ಣೆ ಸವರಿ ಮೇಲೆ ಬಣ್ಣ ಹಚ್ಚುತ್ತಾರೆ, ಬೆಳಗಾಗುವಾಗ ಎಣ್ಣೆಯಲ್ಲೇ ತೆಗೆಯುತ್ತಾರೆ. ತಿರುಗಾಟದಲ್ಲಿ ತಿಂಗಳುಗಟ್ಟಲೆ ಪ್ರತಿ ರಾತ್ರಿಯೂ ವೇಷ ಕಟ್ಟುವವನಿಗೆ ನಾಳೆಯ ಮುಖವೂ ಬೇಕಲ್ಲ.

ಪರ್ಯಾಯಗಳಿವೆ. ಯಾವುದೂ ಪೂರ್ತಿ ತೃಪ್ತಿ ಕೊಡುವುದಿಲ್ಲ. ನೀರಿನ ಫೇಸ್ ಪೈಂಟು ಚರ್ಮಕ್ಕೆ ಸೌಮ್ಯ, ಆದರೆ ತಾಸೆಯ ಎರಡನೆಯ ಸುತ್ತಿಗೇ ಬೆವರಿನೊಂದಿಗೆ ಇಳಿಯತೊಡಗುತ್ತದೆ. ಚಿತ್ರ ಬರೆಯುವ ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಜಗ್ಗದು. ಮೊಣಕೈ ಮಡಚುವಲ್ಲಿ ಮಾತ್ರ ಸಿಪ್ಪೆಯಾಗಿ ಏಳುತ್ತದೆ. ಅದರ ಡಬ್ಬಿಯ ಮೇಲಿನ ‘ವಿಷರಹಿತ’ ಎಂಬ ಮಾತು ದಿನವಿಡೀ ಮೈಗೆ ಬಳಿದುಕೊಳ್ಳಲು ಕೊಟ್ಟ ಅಪ್ಪಣೆಯೂ ಅಲ್ಲ. ಸಿನಿಮಾದ ಮೇಕಪ್ಪಿನವರು ಬಳಸುವ ಆಲ್ಕೋಹಾಲ್ ಆಧಾರಿತ ಬಣ್ಣ ಬೆವರಿಗೆ ನಿಲ್ಲುತ್ತದೆ, ತಂಡದ ಜೇಬು ಅದಕ್ಕೆ ನಿಲ್ಲುವುದಿಲ್ಲ. ಮೈಗೆ ಬಿಗಿಯಾದ ಲೈಕ್ರಾ ಅಂಗಿಯ ಮೇಲೆ ಪಟ್ಟೆ ಬರೆದರಾಯಿತು ಎನ್ನುವವರೂ ಇದ್ದಾರೆ. ಲೆಕ್ಕಕ್ಕೆ ಸರಿ, ನೋಡಲು ಸಪ್ಪೆ. ಕೇರಳದ ತ್ರಿಶೂರಿನ ಹುಲಿಕುಣಿತವಾದ ಪುಲಿಕ್ಕಳಿಯಲ್ಲಿ ಡೊಳ್ಳುಹೊಟ್ಟೆಯ ಮೇಲೆ ಬರೆದ ಹುಲಿಮುಖ ಹೊಟ್ಟೆಯೊಂದಿಗೇ ಕುಣಿಯುತ್ತದೆ. ಬಟ್ಟೆ ಹೊದಿಸಿದರೆ ಆ ಜೀವವೇ ಹೋಗುತ್ತದೆ. ನನ್ನನ್ನು ಕೇಳಿದರೆ ಎದೆ, ಹೊಟ್ಟೆ, ಮುಖಕ್ಕೆ ಚರ್ಮಕ್ಕೆಂದೇ ಮಾಡಿದ ಬಣ್ಣ, ಒಂದು ದಿನದ ಮಟ್ಟಿಗೆ. ಮೂರು ದಿನ ಒಂದೇ ಬಣ್ಣದಲ್ಲಿರಬೇಕೆಂಬ ಹಟ ಬಿಟ್ಟರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಬಾಳಿಕೆಯನ್ನು ನೋಡಬೇಕಾದ್ದು ಮಂಡೆಯಲ್ಲಿ, ಅಂದರೆ ಬಿಚ್ಚಿಡಬಹುದಾದ ಭಾಗದಲ್ಲಿ. ಹಳೆ ಪೇಪರು, ಮೈದಾ ಅಂಟು ಸೇರಿಸಿ ಅಚ್ಚಿನ ಮೇಲೆ ಪದರಪದರವಾಗಿ ಕಟ್ಟಿದ ಮಂಡೆ ಇವತ್ತಿಗೂ ಅಗ್ಗದ ವಿಷಯದಲ್ಲಿ ಸೋಲದು. ಅಂಟಿಗೆ ಚೂರು ಮೈಲುತುತ್ತ ಬೆರೆಸಿದರೆ ಹುಳ ಹಿಡಿಯುವುದಿಲ್ಲ, ಆದರೆ ಅದು ವಿಷ. ಒಳಗೆ ಹತ್ತಿಬಟ್ಟೆಯ ಅಸ್ತರಿ ಕೊಡಲೇಬೇಕು. ಕಾಗದದ ಶತ್ರು ನೀರು. ಹೊರಮೈಗೆ ಎರಡು ಕೋಟು ಎನಾಮಲ್ ಹೊಡೆದರೆ ಮಳೆಗಾಲಕ್ಕೂ ಸೈ. ಎದೆಯ ಮೇಲೆ ಅಪರಾಧಿಯಾಗಿದ್ದ ಅದೇ ಡಬ್ಬಿ ಇಲ್ಲಿ ಸರಿಯಾದ ಕೆಲಸಕ್ಕೆ ಬಂತು. ಫೈಬರ್‌ಗ್ಲಾಸ್ ಹೆಚ್ಚು ವರ್ಷ ಬರುತ್ತದೆ, ತಲೆಗೆ ಭಾರ. ಸೋಫಾದ ಸ್ಪಂಜು ಬೆವರು ಕುಡಿದು ನಾರುತ್ತದೆ, ಕೆಲವೇ ವರ್ಷಗಳಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ. ಹಾಳೆಯಾಗಿ ಸಿಗುವ ಇವಿಎ ಫೋಮು ನೀರು ಹೀರದು, ಹಗುರ, ಬಿಸಿಗಾಳಿ ತೋರಿಸಿದರೆ ಬೇಕಾದಂತೆ ಬಾಗುತ್ತದೆ. ಹೊಸದಾಗಿ ತಂಡ ಕಟ್ಟುವವರಿಗೆ ನನ್ನ ಶಿಫಾರಸು ಅದಕ್ಕೇ.

ಮಂಡೆಗೆ ಕೃತಕ ತುಪ್ಪಳ ಹಚ್ಚುವವರು ಕತ್ತರಿಯನ್ನು ದೂರ ಇಡಬೇಕು. ಬ್ಲೇಡಿನಿಂದ ಹಿಂಬದಿಯ ಬಟ್ಟೆಯನ್ನಷ್ಟೇ ಕೊಯ್ದರೆ ಕೂದಲು ಉದ್ದವಾಗಿ ಉಳಿದು ಹೊಲಿಗೆಯನ್ನು ಮುಚ್ಚುತ್ತದೆ. ತೊಳೆಯುವುದು ತಣ್ಣೀರಿನಲ್ಲಿ, ಒಣಗಿಸುವುದು ನೆರಳಲ್ಲಿ. ಪಟಾಕಿ ಸಿಡಿಯುವ ಮೆರವಣಿಗೆಯಲ್ಲಿ ಅಕ್ರಿಲಿಕ್ ತುಪ್ಪಳ ಬೇಗ ಹೊತ್ತಿ ಕರಗಿ ಅಂಟುತ್ತದೆ, ಮೊಡಾಕ್ರಿಲಿಕ್ ತುಪ್ಪಳ ಅಷ್ಟು ಸುಲಭವಾಗಿ ಹೊತ್ತದು. ಕೊಳ್ಳುವಾಗ ಕೇಳಿಯೇ ಕೊಳ್ಳಬೇಕು.

ಬಾಳಿಕೆಯೊಂದನ್ನೇ ನೋಡುವವರಿಗೆ ‘ದಿ ವಿಜರ್ಡ್ ಆಫ್ ಆಜ್’ ಚಿತ್ರದ ಸಿಂಹ ಸಿಗುತ್ತದೆ. 1939ರ ಆ ಚಿತ್ರದಲ್ಲಿ ನಟ ಬರ್ಟ್ ಲಾರ್ ತೊಟ್ಟದ್ದು ನಿಜವಾದ ಸಿಂಹದ ಚರ್ಮ, ಸುಮಾರು 40 ಕಿಲೋ ತೂಕ. 2014ರಲ್ಲಿ ಅದು 30 ಲಕ್ಷ ಡಾಲರಿಗೂ ಹೆಚ್ಚಿಗೆ ಹರಾಜಾಯಿತು. ಒಳಗೆ ಬೆಂದವನಿಗೆ ಅದರಿಂದ ಏನೂ ಆಗಲಿಲ್ಲ.

ರಾಜ್ ಬಿ. ಶೆಟ್ಟಿಯವರ 2021ರ ‘ಗರುಡ ಗಮನ ವೃಷಭ ವಾಹನ’ದ ಹುಲಿಕುಣಿತ ನೋಡಿದ ಮೇಲೆ ಕರಾವಳಿಯಾಚೆಯವರಿಗೂ ಈ ವೇಷದ ಹುಚ್ಚು ಹತ್ತಿದೆ. ಸ್ಪರ್ಧೆಯ ವೇದಿಕೆಯ ದೀಪದಡಿ ಮಿರುಗುವ ಮೈಗೆ ಬೆಲೆ ಹೆಚ್ಚು, ಮಿರುಗು ಸುಲಭವಾಗಿ ಬರುವುದು ಎನಾಮಲ್‌ನಿಂದ. ದೊಡ್ಡವರು ತಿಳಿದೂ ಒಪ್ಪಿಕೊಂಡರೆ, ಹರಕೆಯ ಮಾತು ಬಂದರೆ, ವಿಮರ್ಶಕ ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ಐದಾರು ವರ್ಷದ ಮರಿಹುಲಿಗಳ ವಿಷಯದಲ್ಲಿ ಆ ವಿನಾಯಿತಿ ಇಲ್ಲ. ಅವರಿಗೆ ಹಳದಿ ಹತ್ತಿಬಟ್ಟೆಯ ಅಂಗಿ-ಚಡ್ಡಿ ಹೊಲಿಸಿ ಫ್ಯಾಬ್ರಿಕ್ ಪೈಂಟಿನಲ್ಲಿ ಪಟ್ಟೆ ಎಳೆದರೆ ಸಾಕು; ಅಂಚನ್ನು ಸ್ವಲ್ಪ ಒಳಗೆ ಮಡಚಿ ಹೊಲಿದರೆ ಮುಂದಿನ ಮಾರ್ನೆಮಿಗೆ ಬಿಚ್ಚಿ ಉದ್ದ ಮಾಡಬಹುದು, ಆಮೇಲೆ ತಮ್ಮನಿಗಾಗುತ್ತದೆ.