ನಾಗಮಂಡಲದ ರೇಖಾವಿನ್ಯಾಸ

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಗಳಲ್ಲಿ ನಾಗಬನವಿಲ್ಲದ ಗ್ರಾಮವು ವಿರಳ. ಬನದ ಮರಗಳಡಿಯಲ್ಲಿ ನಿಂತ ನಾಗಶಿಲೆಗಳಲ್ಲಿ ಕೆಲವು, ಎರಡು ಸರ್ಪಗಳು ಪರಸ್ಪರ ಹೆಣೆದುಕೊಂಡ ರೂಪದವು. ಇದೇ ಬಗೆಯ ಹೆಣಿಗೆಯು ನಾಗಮಂಡಲವೆಂಬ ಆರಾಧನೆಯಲ್ಲಿ ವೈದ್ಯರ ಕೈಯಿಂದ ನೆಲದ ಮೇಲೆ ಬಹುವಿಸ್ತಾರವಾಗಿ ಮೂಡುವುದು.

ಈ ಚಿತ್ರಕ್ಕೆ ಬೇಕಾದ ಸಾಮಗ್ರಿಯು ಅತ್ಯಲ್ಪ. ಹಳದಿಗೆ ಅರಸಿನ, ಕೆಂಪಿಗೆ ಅರಸಿನದೊಡನೆ ಬೆರೆತ ಸುಣ್ಣ, ಹಸುರಿಗೆ ಎಲೆಯ ಹುಡಿ, ಕಪ್ಪಿಗೆ ಸುಟ್ಟ ಉಮಿ. ಇವುಗಳೊಡನೆ ಬಿಳಿಯು ಸೇರಿ ಪಂಚವರ್ಣಗಳಾಗುವುವು. ಸರ್ಪದ ಮೈ ಸುತ್ತಿ ಬಿಗಿದು ಉಂಟಾಗುವ ಗಂಟಿಗೆ ಪವಿತ್ರವೆಂದು ಹೆಸರು. ಗಂಟುಗಳ ಸಂಖ್ಯೆಗನುಸಾರವಾಗಿ 4, 8, 16 ಪವಿತ್ರಗಳ ಮಂಡಲಗಳೆಂಬ ಭೇದವುಂಟು. ಕರ್ಮಕಾಲದಲ್ಲಿ ಬೆರಳಿಗೆ ಧರಿಸುವ ದರ್ಭೆಯ ಉಂಗುರಕ್ಕೂ ಇದೇ ಹೆಸರಿರುವುದು ಗಮನಾರ್ಹ. ಅಲ್ಲಿ ಬಾಗುವ ಹುಲ್ಲು ನಿಯತವಾದ ಗಂಟಾಗುವುದು. ಇಲ್ಲಿ ಹರಿಯುವ ಹಾವು.

ಸಜೀವವಾದ ರೂಪವನ್ನೂ ಕ್ಷೇತ್ರಗಣಿತದ ಆಕೃತಿಯನ್ನೂ ಒಂದೆಡೆ ಸೇರಿಸುವ ಚಿತ್ರಗಳು ಬಹಳವಿವೆ. ಮನೆಯಂಗಳದ ರಂಗವಲ್ಲಿಯಲ್ಲಿ ಚೌಕದೊಳಗೆ ಹೂವನ್ನು ಬರೆದರೆ ಚೌಕವು ಚೌಕವಾಗಿಯೂ ಹೂವು ಹೂವಾಗಿಯೂ ಬೇರೆಬೇರೆಯೇ ಉಳಿಯುವುವು. ನಾಗಮಂಡಲದ ಹಿರಿಮೆ ಬೇರೊಂದು ಬಗೆಯದು. ಇಲ್ಲಿ ಸರ್ಪದ ದೇಹವೇ ರೇಖೆ. ಆ ರೇಖೆಯ ತಿರುವುಗಳೇ ಆಕೃತಿ. ಸಮಪ್ರಮಾಣದ ಸುತ್ತುಗಳನ್ನು ಬಿಟ್ಟು ಹೆಡೆ ಮೇಲೆದ್ದ ಸ್ಥಾನದಲ್ಲಿ ಗಣಿತವು ಮುಗಿದು ಪ್ರಾಣಿಯು ಕಾಣಿಸಿಕೊಳ್ಳುವುದು. ನೋಡುವವನ ಕಣ್ಣು ಹೆಡೆಯಿಂದ ಹೊರಟು, ಒಂದು ಸುತ್ತಿನ ಮೇಲೆ ಹಾದು ಇನ್ನೊಂದರ ಕೆಳಗೆ ನುಸುಳಿ, ಬಾಲದವರೆಗೂ ತಡೆಯಿಲ್ಲದೆ ಸಾಗಬೇಕು. ವರ್ಣಭೇದದ ಪ್ರಯೋಜನವೂ ಇದೇ. ನಡುವೆ ಎಲ್ಲಿಯಾದರೂ ದಾರಿ ತಪ್ಪಿದರೆ ಗಂಟು ಉಳಿದೀತು, ಹಾವು ಉಳಿಯದು.

ಆದುದರಿಂದ ಪವಿತ್ರಗಳ ಸಂಖ್ಯೆಯನ್ನೇ ಕಲೆಯ ಅಳತೆಗೋಲಾಗಿ ಹಿಡಿಯುವುದು ಯುಕ್ತವಲ್ಲ. ಸಂಖ್ಯೆಯು ಸೇವೆಯ ವೈಭವವನ್ನು ಸೂಚಿಸುವುದು, ರೇಖೆಯ ಸತ್ತ್ವವನ್ನಲ್ಲ. ಹದಿನಾರು ಗಂಟುಗಳ ಇಕ್ಕಟ್ಟಿನಲ್ಲಿ ಮೈಯ ಓಟವು ಮರೆಯಾದರೆ, ಅದಕ್ಕಿಂತ ನಾಲ್ಕೇ ಗಂಟುಗಳ ಸ್ಪಷ್ಟವಾದ ಮಂಡಲವು ಮೇಲು.

ಮಂಡಲದ ಸುತ್ತಲೂ ಇರುಳೆಲ್ಲ ನಡೆಯುವ ನರ್ತನವನ್ನು ಬಿಟ್ಟು ಈ ವಿಮರ್ಶೆಯು ಪೂರ್ಣವಾಗದು. ಹಿಂಗಾರವನ್ನು ಹಿಡಿದ ನಾಗಪಾತ್ರಿಯೂ ಡಕ್ಕೆ ನುಡಿಸುತ್ತ ಹಾಡುವ ವೈದ್ಯನೂ ಸುತ್ತಿ ಸುಳಿದು ಕುಣಿಯುವಾಗ, ನೆಲದಲ್ಲಿ ನಿಶ್ಚಲವಾಗಿದ್ದ ತಿರುವುಗಳು ಮಾನವದೇಹದಲ್ಲಿ ಚಲನೆಯನ್ನು ಪಡೆಯುವುವು. ಕಾಗದಕ್ಕಿಳಿಸಿದ ಪ್ರತಿಯಲ್ಲಾಗಲಿ ಛಾಯಾಚಿತ್ರದಲ್ಲಾಗಲಿ ವಿನ್ಯಾಸವು ದೊರೆಯುವುದೇ ಹೊರತು ಈ ಸಂಬಂಧವು ದೊರೆಯದು. ಸೇವೆಯು ಮುಗಿದ ಮೇಲೆ ಮಂಡಲವನ್ನು ಅಳಿಸಿ ಅದರ ಹುಡಿಯನ್ನು ಪ್ರಸಾದವಾಗಿ ಸ್ವೀಕರಿಸುವರು. ಚಿತ್ರವು ಉಳಿಯದೆ ಹೋದರೂ, ಅದನ್ನು ಮರಳಿ ಬರೆಯಬಲ್ಲ ಕೈಗಳು ಉಳಿದಿರುವವರೆಗೆ ಈ ಕಲೆಗೆ ಹಾನಿಯಿಲ್ಲ. ರಕ್ಷಿಸಬೇಕಾದುದು ಆ ಕೈಗಳ ಅಭ್ಯಾಸವನ್ನು.